ಗೃಹಪ್ರವೇಶದ ಪತ್ರಿಕೆ ಕನ್ನಡ, ಮನೆಯ ನಕ್ಷೆ ಇಂಗ್ಲಿಷ್!



ಯುಗಾದಿ ಕಳೆದು ಮುಹೂರ್ತಗಳು ಶುರುವಾದರೆ ನಮ್ಮಂಥ ತಾಲೂಕು ಊರಿನ ಪ್ರೆಸ್ಸುಗಳಿಗೆ ಪುರುಸೊತ್ತು ಇರುವುದಿಲ್ಲ. ಮದುವೆ ಕಾರ್ಡು, ಅದರ ಬೆನ್ನಿಗೇ ಗೃಹಪ್ರವೇಶದ ಕಾರ್ಡು. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು ಬರುತ್ತಾರೆ, ಹೊನ್ನಾಳಿಯ ಮೇಷ್ಟ್ರು ಬರುತ್ತಾರೆ, ನ್ಯಾಮತಿಯ ಕಿರಾಣಿ ಅಂಗಡಿಯವರು ಬರುತ್ತಾರೆ, ಜಗಳೂರಿನ ಮೆಕ್ಕೆಜೋಳದ ವ್ಯಾಪಾರಿಗಳೂ ಬರುತ್ತಾರೆ. ಎಲ್ಲರದೂ ಒಂದೇ ತಾಕೀತು. "ಅಕ್ಷರ ತಪ್ಪಬಾರದು ನೋಡ್ರಿ. ನಮ್ಮಜ್ಜನ ಹೆಸರು ಮೇಲೆ ಬರ್ಲಿ. ಮನೆದೇವ್ರ ಹೆಸರಲ್ಲಿ ಒತ್ತು ಬಿಟ್ಟು ಹೋಗಬಾರದು." ಮೂರು ಸಲ ಪ್ರೂಫ್ ತರಿಸಿಕೊಳ್ಳುತ್ತಾರೆ. ಮನೆಯಲ್ಲಿ ಹೆಂಡತಿಗೆ ತೋರಿಸುತ್ತಾರೆ, ಬೀಗರಿಗೆ ತೋರಿಸುತ್ತಾರೆ. ಆಮೇಲೆ ಸಹಿ ಹಾಕಿ "ಇನ್ನು ಅಚ್ಚಿಗೆ ಕೊಡ್ರಿ" ಅನ್ನುತ್ತಾರೆ.

ಅದೇ ಮನೆಯ ನಕ್ಷೆ ತೋರಿಸಿ ಅಂತ ಕೇಳಿ ನೋಡಿ. ಪ್ಲಾಸ್ಟಿಕ್ ಕವರಿನಿಂದ ಮಡಿಸಿಟ್ಟ ದೊಡ್ಡ ಹಾಳೆಯೊಂದು ಹೊರಬರುತ್ತದೆ. ಕಚೇರಿಯ ಮೊಹರು ಕನ್ನಡದಲ್ಲಿದೆ. ಪರವಾನಗಿ ಪತ್ರವೂ ಕನ್ನಡದಲ್ಲೇ ಇರುತ್ತದೆ, ಸುಳ್ಳು ಹೇಳಬಾರದು. ಆದರೆ ಆ ಪತ್ರದಲ್ಲಿ ಇರುವುದು ಶುಲ್ಕ, ರಸೀದಿ ನಂಬರು ಮತ್ತು ಷರತ್ತುಗಳು. ಮನೆ ನಿಲ್ಲುವುದೋ ಬೀಳುವುದೋ ಅನ್ನುವ ಸಂಗತಿಯೆಲ್ಲ ನಕ್ಷೆಯೊಳಗಿದೆ: ಕಂಬಕ್ಕೆ ಎಷ್ಟು ಕಂಬಿ, ಯಾವ ಅಳತೆಯದು, ರಿಂಗು ಎಷ್ಟು ದೂರಕ್ಕೊಂದು, ಪಾಯ ಎಷ್ಟು ಆಳ. ಅದೆಲ್ಲ ಸಣ್ಣ ಸಣ್ಣ ಇಂಗ್ಲಿಷ್ ಅಕ್ಷರ. ಅದನ್ನು ಯಜಮಾನರು ಓದಿಲ್ಲ. ಮೇಸ್ತ್ರಿ ಓದಿಲ್ಲ. ಕಂಬಿ ಕಟ್ಟುವ ಹುಡುಗ ಓದಿಲ್ಲ. ಅಜ್ಜನ ಹೆಸರಿಗೆ ಮೂರು ಪ್ರೂಫ್, ಮೊಮ್ಮಕ್ಕಳು ಮಲಗುವ ಸೂರಿಗೆ ಒಂದು ಪ್ರೂಫೂ ಇಲ್ಲ!

ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ. ಮರ್ಯಾದೆ ಹೋದರೆ ಹೋಗಲಿ.

ಕೆಲವು ವರ್ಷಗಳ ಹಿಂದೆ ಪ್ರೆಸ್ಸಿನ ಮೇಲೆ ಒಂದು ಅಂತಸ್ತು ಹಾಕಿಸಿದೆ. ನಕ್ಷೆ ಬರೆಯುವ ಆಫೀಸೊಂದಕ್ಕೆ ದುಡ್ಡು ಕೊಟ್ಟೆ, ಹಾಳೆ ಬಂತು. ಕಚೇರಿಗೆ ಶುಲ್ಕ ಕಟ್ಟಿದೆ, ಮೊಹರು ಬಂತು. ಕಟ್ಟುವ ಜಾಗಕ್ಕೆ ಮಾತ್ರ ಒಬ್ಬರೂ ಬರಲಿಲ್ಲ. ನಮ್ಮ ಮೇಸ್ತ್ರಿ ಮೂವತ್ತು ವರ್ಷದ ಅನುಭವಸ್ಥ, ಪ್ರಾಮಾಣಿಕ ಮನುಷ್ಯ, ತನಗೆ ತಿಳಿದ ಹಾಗೆ ಕಟ್ಟಿದ. ಕೆಳಗೆ ಥಂಡಿ ಅಂತ ನಾನು ಕಾಗದದ ಬಂಡಲುಗಳನ್ನೆಲ್ಲ ಮೇಲಕ್ಕೆ ಸಾಗಿಸಿದೆ. ಸೊಂಟದೆತ್ತರಕ್ಕೆ ಪೇರಿಸಿದೆವು. ಎರಡನೇ ಮಳೆಗಾಲದಲ್ಲಿ ಒಂದು ಸಂಜೆ ಬೈಂಡಿಂಗ್ ಹುಡುಗ ಬಂದು "ಅಣ್ಣ, ಹಿಂದಿನ ಬಾಗಿಲು ಹಾಕ್ಕೊಳ್ತಿಲ್ಲ" ಅಂದ. ಮಳೆಗೆ ಮರ ಉಬ್ಬಿರಬೇಕು ಅಂದುಕೊಂಡು ತಲೆ ಎತ್ತಿ ನೋಡಿದರೆ ಬೀಮಿನಲ್ಲಿ ಬಿರುಕು. ಕೂದಲೆಳೆಯಷ್ಟಲ್ಲ, ಒಂದು ವಿಸಿಟಿಂಗ್ ಕಾರ್ಡು ತೂರುವಷ್ಟು. ಆ ರಾತ್ರಿ ಮಷಿನ್ ನಿಲ್ಲಿಸಿ, ನಾಲ್ಕು ಜನ ಸೇರಿ, ಬಂಡಲು ಬಂಡಲಾಗಿ ಕಾಗದ ಇಳಿಸಿದೆವು. ಮೆಟ್ಟಿಲು ಹತ್ತುವಾಗ ಪ್ರತಿ ಸಲವೂ ಎದೆ ಡವಡವ.

ಮಾರನೇ ದಿನ ರಿಟೈರಾದ ಇಂಜಿನಿಯರ್ ಒಬ್ಬರನ್ನು ಕರೆತಂದೆ. ಅವರು ಬಿರುಕನ್ನು ಆಮೇಲೆ ನೋಡಿದರು, ಮೊದಲು ನಕ್ಷೆ ಕೇಳಿದರು. ಮೂಲೆಯ ಒಂದು ಸಾಲಿನ ಮೇಲೆ ಬೆರಳಿಟ್ಟು "ಎಷ್ಟು ಕಾಗದ ಇಟ್ಟಿದ್ದೆಯಪ್ಪಾ ಮೇಲೆ?" ಅಂದರು. ಆ ಸಾಲಿನಲ್ಲಿ ಚದರ ಮೀಟರಿಗೆ 2 ಕಿಲೋನ್ಯೂಟನ್ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಪಿಯುಸಿ ಓದಿದವನು ನಾನು, ಅಕ್ಷರ ಕೂಡಿಸಿ ಓದಬಲ್ಲೆ. ಅರ್ಥ? ಅವರು ಕನ್ನಡದಲ್ಲಿ ಹೇಳಿದರು: ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 200 ಕೆಜಿಗಿಂತ ಹೆಚ್ಚು ಹೇರಬೇಡ. ವಾಸದ ಮನೆಗೆ ಇಡುವ ಲೆಕ್ಕ ಅದು. ಎ-4 ಹಾಳೆಯ ಒಂದು ರೀಮೇ ಎರಡು ಕೆಜಿ ಮೀರಿ ತೂಗುತ್ತದೆ. ಒಂದು ಮೀಟರ್ ಎತ್ತರಕ್ಕೆ ಕಾಗದ ಪೇರಿಸಿದರೆ ಚದರ ಮೀಟರಿಗೆ 700 ಕೆಜಿ ದಾಟುತ್ತದೆ. ಮೂರು ಪಟ್ಟಿಗೂ ಹೆಚ್ಚು ಭಾರ ಹೇರಿ, ಅದರ ಕೆಳಗೆ ನಾಲ್ಕು ಹುಡುಗರನ್ನು ನಿಲ್ಲಿಸಿಕೊಂಡು ನಾನು ಕರಪತ್ರ ಅಚ್ಚು ಹಾಕುತ್ತಿದ್ದೆ.

ತಪ್ಪು ನನ್ನದೇ. ಪರವಾನಗಿ ತೆಗೆದುಕೊಂಡದ್ದು ಮನೆಗೆ, ಮಾಡಿದ್ದು ಗೋದಾಮು. ಆದರೆ ಮೋಲ್ಡ್ ಹಾಕುವ ಮುಂಚೆ ತಿಳಿದವರೊಬ್ಬರು ಬಂದು ನಿಂತು, "ಮೇಲೆ ಏನಿಡ್ತೀರಿ ಯಜಮಾನ್ರೇ?" ಅಂತ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಆ ಪ್ರಶ್ನೆ ಕೇಳುವ ಮನುಷ್ಯ ನಮ್ಮ ವ್ಯವಸ್ಥೆಯಲ್ಲಿ ಇಲ್ಲ. ಈ ಲೇಖನ ಬರೆಯುತ್ತಿರುವುದು ಅದಕ್ಕೇ.

ಕಾನೂನು ಇಲ್ಲವೆಂದಲ್ಲ. ಊರೊಳಗೆ ಕಟ್ಟುವುದಾದರೆ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ 187ನೇ ಪ್ರಕರಣವಿದೆ. ಹಳ್ಳಿಯಲ್ಲಾದರೆ 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣ, ಅನುಮತಿ ಕೊಡುವುದು ಗ್ರಾಮ ಪಂಚಾಯತಿ. ಅದರ ಮೇಲೆ ರಾಷ್ಟ್ರೀಯ ಕಟ್ಟಡ ಸಂಹಿತೆ ಎಂಬ ದಪ್ಪ ಪುಸ್ತಕ: 1970ರಲ್ಲಿ ಮೊದಲು ಬಂತು, 1983, 2005, 2016ರಲ್ಲಿ ಪರಿಷ್ಕರಣೆಯಾಯಿತು. ಇಂಗ್ಲಿಷಿನ ಎರಡು ಸಂಪುಟ. ಎತ್ತಿ ಇಡಲಿಕ್ಕೇ ಒಂದು ಆಳು ಬೇಕು. ಆದರೆ ಈ ಸಂಹಿತೆಯನ್ನು ಸೈಟಿನ ಮಣ್ಣಿನವರೆಗೆ ಹೊತ್ತು ತರುವವರು ಯಾರು? ತಾಲೂಕು ಊರಿನ ಕಚೇರಿಯಲ್ಲಿ ಇಂಜಿನಿಯರ್ ಇದ್ದಾರೆ. ಚರಂಡಿ ಅವರದೇ, ರಸ್ತೆ ಅವರದೇ, ಬೋರ್‌ವೆಲ್, ಬೀದಿದೀಪ, ಟೆಂಡರ್, ಮಂತ್ರಿಗಳು ಬಂದಾಗ ಶಂಕುಸ್ಥಾಪನೆಯ ಕಲ್ಲು ಕೂಡ ಅವರದೇ. ಹಳ್ಳಿಯಲ್ಲಿ ಪಿಡಿಒ. ಆ ಹುದ್ದೆಗೆ ಯಾವುದೇ ಪದವಿ ಸಾಕು. ಇತಿಹಾಸದಲ್ಲಿ ಬಿ.ಎ. ಮಾಡಿದ ಒಳ್ಳೆಯ ಹುಡುಗಿಯೊಬ್ಬಳನ್ನು ಕೂರಿಸಿ, ಮೂರು ಅಂತಸ್ತಿನ ಕಟ್ಟಡದ ಕಾಗದಕ್ಕೆ ಸಹಿ ಹಾಕು ಅಂದರೆ ಆಕೆ ಏನು ನೋಡಿ ಹಾಕಬೇಕು ಸ್ವಾಮಿ? ಮನೆಗೆ ವೈರಿಂಗ್ ಮಾಡುವವನಿಗೆ ಪರ್ಮಿಟ್ ಬೇಕು, ಅವನ ಕೆಲಸಕ್ಕೆ ವಿದ್ಯುತ್ ಪರಿವೀಕ್ಷಣಾಲಯ ಅಂತಲೇ ಒಂದು ಇಲಾಖೆ ಇದೆ. ಕಟ್ಟಡ ಪರಿವೀಕ್ಷಕ ಅನ್ನುವ, ಅದಕ್ಕೆಂದೇ ತರಬೇತಿ ಪಡೆದು ಪರೀಕ್ಷೆ ಪಾಸಾದ ಮನುಷ್ಯನನ್ನು ಮಾತ್ರ ನಮ್ಮ ನಾಲ್ಕು ಊರಲ್ಲಿ ದೀಪ ಹಿಡಿದು ಹುಡುಕಬೇಕು.

ನಗರದ ಹುಡುಗರು ನೀವು, ಇದು ತಾಲೂಕಿನವರ ಗೋಳು ಅಂತ ಪುಟ ತಿರುಗಿಸಬೇಡಿ. 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಇನ್ನೂ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು ನೂರಿಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ನಿಮ್ಮಲ್ಲಿ ಬಹಳ ಮಂದಿ ಆಗ ಹುಟ್ಟಿರಲಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ವಾಣಿಜ್ಯ ಕಟ್ಟಡ ಬಿತ್ತು, 19 ಜನ ಹೋದರು. ದಿನಗಟ್ಟಲೆ ಅವಶೇಷ ಬಗೆದರು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಇನ್ನೊಂದು, 9 ಜನ. ಪ್ರತಿ ಸಲವೂ ಅದೇ ನಾಟಕ. ಮಾಲೀಕರ ಬಂಧನ, ಒಬ್ಬಿಬ್ಬರು ಅಧಿಕಾರಿಗಳ ಅಮಾನತು, ಪರಿಹಾರದ ಚೆಕ್ಕು, ಎಲ್ಲ ಕಟ್ಟಡಗಳ ಸಮೀಕ್ಷೆ ನಡೆಸುವುದಾಗಿ ಒಂದು ಹೇಳಿಕೆ. ಆ ಹೇಳಿಕೆಯನ್ನು ಅಚ್ಚು ಹಾಕಿ ಹಾಕಿ ನಮ್ಮ ಕಸುಬಿನವರಿಗೆ ಬಾಯಿಪಾಠವಾಗಿದೆ.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಹೇಳಿತು: ಕಟ್ಟುವಾಗ ಮಂಜೂರಾದ ನಕ್ಷೆಯನ್ನು ಸೈಟಿನಲ್ಲಿ ತೂಗುಹಾಕಿ, ಅಧಿಕಾರಿಗಳು ಆಗಾಗ ಹೋಗಿ ನೋಡಿ ದಾಖಲೆ ಇಡಲಿ, ಸ್ವಾಧೀನಾನುಭವ ಪತ್ರವಿಲ್ಲದೆ ಕರೆಂಟು ನೀರು ಕೊಡಬೇಡಿ. ನಮ್ಮಲ್ಲಿ ಏನಾಯಿತು? 2025ರಲ್ಲಿ ಸಾವಿರಾರು ಮನೆಗಳಿಗೆ ಮೀಟರ್ ನಿಂತಿತು, ಜನ ಕಂಗಾಲಾದರು, ಮೀಟರ್ ಕೊಡಿಸುವುದು ಹೇಗೆ ಅನ್ನುವುದೇ ದೊಡ್ಡ ಚರ್ಚೆಯಾಯಿತು. ಹೋಗಿ ನೋಡುವವರು ಯಾರು, ಅವರಿಗೆ ನೋಡಲು ಬರುತ್ತದೆಯೇ ಅನ್ನುವ ಮಾತನ್ನು ಯಾರೂ ಎತ್ತಲಿಲ್ಲ. ಬಡವನ ಮನೆಗೆ ಕರೆಂಟು ಬೇಡ ಅನ್ನುವವನು ನಾನಲ್ಲ. ಆದರೆ ಕರೆಂಟಿನ ಜಗಳದಲ್ಲಿ ಕಂಬದ ವಿಚಾರ ಮಣ್ಣುಪಾಲಾಯಿತು. ಬೆಂಗಳೂರಿನಲ್ಲಿ 2024ರಲ್ಲಿ 'ನಂಬಿಕೆ ನಕ್ಷೆ' ಅಂತ ತಂದರು. ಪಟ್ಟಿಯಲ್ಲಿರುವ ಆರ್ಕಿಟೆಕ್ಟು, ಇಂಜಿನಿಯರೇ ನಕ್ಷೆಗೆ ಒಪ್ಪಿಗೆ ಕೊಡುವ ವ್ಯವಸ್ಥೆ. ಹೆಸರು ಚೆಂದ, ಕನ್ನಡದ್ದೇ. ಆದರೆ ನಂಬಿಕೆ ಇಟ್ಟ ಮೇಲೂ ಒಬ್ಬ ಹೋಗಿ ನೋಡಬೇಕಲ್ಲ!

ನನ್ನ ಕಸುಬಿನ ಒಂದು ಕಾನೂನು ಹೇಳುತ್ತೇನೆ ಕೇಳಿ. ಚುನಾವಣೆಯ ಕರಪತ್ರ, ಅಂಗೈ ಅಗಲದ್ದೇ ಇರಲಿ, ಅಚ್ಚು ಹಾಕಿದರೆ ಅದರ ಮೇಲೆ ಮುದ್ರಕನ ಹೆಸರು, ವಿಳಾಸ ಇರಲೇಬೇಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಪ್ರಕರಣ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಸಾವಿರದವರೆಗೆ ದಂಡ, ಅಥವಾ ಎರಡೂ. ಮೂರು ದಿನದಲ್ಲಿ ಗಾಳಿಗೆ ಹಾರಿಹೋಗುವ ಕಾಗದಕ್ಕೆ ಇಷ್ಟು ಜವಾಬ್ದಾರಿ. ಐವತ್ತು ವರ್ಷ ನಿಲ್ಲಬೇಕಾದ ಕಂಬದ ಕಂಬಿಯನ್ನು ಕಾಂಕ್ರೀಟ್ ಸುರಿಯುವ ಮುಂಚೆ ನೋಡಿದವರು ಯಾರು? ಹೆಸರಿಲ್ಲ, ತಾರೀಖಿಲ್ಲ, ಸಹಿಯಿಲ್ಲ. ಪುಸ್ತಕದಲ್ಲಿ ತಪ್ಪಾದರೆ ಕೊನೆಗೊಂದು ಒಪ್ಪೋಲೆ ಅಂಟಿಸಿ ಬಚಾವಾಗಬಹುದು. ಕಾಂಕ್ರೀಟಿನೊಳಗೆ ಮುಚ್ಚಿಹೋದ ಕಂಬಿಗೆ ಯಾವ ಒಪ್ಪೋಲೆ ಅಂಟಿಸುತ್ತೀರಿ?

ಲಂಡನ್ನಿನಲ್ಲಿ 2017ರ ಜೂನ್ 14ರಂದು ಗ್ರೆನ್‌ಫೆಲ್ ಟವರ್ ಎಂಬ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 72 ಜನ ಸತ್ತರು. ಅಲ್ಲಿಯವರೂ ತಕ್ಷಣಕ್ಕೇನೂ ಮಾಡಲಿಲ್ಲ, ವಿಚಾರಣೆ ವರ್ಷಗಟ್ಟಲೆ ಎಳೆಯಿತು. ಆದರೆ 2022ರಲ್ಲಿ ಕಟ್ಟಡ ಸುರಕ್ಷತಾ ಕಾಯ್ದೆ ತಂದರು. 2024ರಿಂದ ಅಲ್ಲಿ ಹೆಸರು ನೋಂದಾಯಿಸದೆ, ಯೋಗ್ಯತೆ ತೋರಿಸದೆ ಯಾರೂ ಕಟ್ಟಡ ಪರಿವೀಕ್ಷಕನ ಕೆಲಸ ಮಾಡುವಂತಿಲ್ಲ. ಅದರಲ್ಲಿ ನಾಲ್ಕು ದರ್ಜೆ. ಮೊದಲ ದರ್ಜೆಯವನು ಕಲಿಯುವವನು, ಮೇಲಿನವರ ಕಣ್ಗಾವಲಿನಲ್ಲೇ ಕೆಲಸ ಮಾಡಬೇಕು. ನೋಂದಾಯಿತರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು, ನಡತೆ ತಪ್ಪಿದರೆ ಹೆಸರು ತೆಗೆಯಬಹುದು. ಇಂಗ್ಲಿಷರಿಂದ ಇಂಗ್ಲಿಷನ್ನು ಬಿಗಿಯಾಗಿ ಹಿಡಿದುಕೊಂಡ ನಾವು ಇದನ್ನು ಮಾತ್ರ ಕಲಿಯಲಿಲ್ಲ! ಅಷ್ಟು ದೂರ ಬೇಡ, ಗುಜರಾತ್ ನೋಡಿ. 2001ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನ ಅಪಾರ್ಟ್‌ಮೆಂಟುಗಳೂ ಕುಸಿದವು, 2006ರಲ್ಲಿ ಅವರು ಸಿವಿಲ್ ಇಂಜಿನಿಯರುಗಳ ನೋಂದಣಿಗೇ ಒಂದು ಕಾನೂನು ಮಾಡಿದರು.

ಈಗ ಭಾಷೆಯ ಮಾತು. 'ಕಟ್ಟಡಕ್ಕೂ ಕನ್ನಡಕ್ಕೂ ಏನು ಸಂಬಂಧ, ಎಲ್ಲದರಲ್ಲೂ ಕನ್ನಡ ತುರುಕುತ್ತಾರೆ' ಅಂತ ಮೂಗು ಮುರಿಯುವವರಿದ್ದಾರೆ. ಅವರಿಗಾಗಿ ನಾಲ್ಕು ಸಾಲು ಬರೆಯುತ್ತೇನೆ. ಸಾದಾ ಸಿಮೆಂಟಿನಲ್ಲಿ ಮೋಲ್ಡ್ ಹಾಕಿದ ಮೇಲೆ ಅಗಲ ನಾಲ್ಕೂವರೆ ಮೀಟರಿನೊಳಗಿದ್ದರೆ ಏಳು ದಿನ, ಮೀರಿದ್ದರೆ ಹದಿನಾಲ್ಕು ದಿನ ಸೆಂಟ್ರಿಂಗಿನ ಕಂಬ ತೆಗೆಯಬಾರದು. ಬೀಮಿಗಾದರೆ ಆರು ಮೀಟರಿನವರೆಗೆ ಹದಿನಾಲ್ಕು ದಿನ, ಅದಕ್ಕೂ ಉದ್ದವಿದ್ದರೆ ಇಪ್ಪತ್ತೊಂದು ದಿನ. ಕಂಬದೊಳಗಿನ ಕಂಬಿಯ ಸುತ್ತ ಸಾಮಾನ್ಯವಾಗಿ 40 ಮಿಲಿಮೀಟರ್ ಕಾಂಕ್ರೀಟ್ ಕವಚ ಇರಬೇಕು. ಸಾದಾ ಸಿಮೆಂಟಿಗೆ ಕನಿಷ್ಠ ಏಳು ದಿನ ನೀರುಣಿಸಬೇಕು, ಈಗ ಎಲ್ಲ ಅಂಗಡಿಯಲ್ಲೂ ಸಿಗುವ ಬೂದಿ ಬೆರೆಸಿದ ಸಿಮೆಂಟಿಗೆ ಹತ್ತು ದಿನ, ಬಿಸಿಲು ಜಾಸ್ತಿ ಇದ್ದರೆ ಹದಿನಾಲ್ಕು. ಇದು ಐಎಸ್ 456 ಎಂಬ ಕಾಂಕ್ರೀಟ್ ಸಂಹಿತೆಯಲ್ಲಿರುವ ಮಾತು. ಓದಿದಿರಲ್ಲ? ಅರ್ಥವಾಯಿತಲ್ಲ? ಒಂದು ಗೋಡೆ ಕ್ಯಾಲೆಂಡರಿನ ಬೆನ್ನಿಗೆ ಅಚ್ಚು ಹಾಕಬಹುದಾದಷ್ಟು ಕನ್ನಡ. ಇಷ್ಟನ್ನು ಮೇಸ್ತ್ರಿಯ ಕೈಗೆ ಕೊಡದೆ ಇಂಗ್ಲಿಷಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೆ. ಸೆಂಟ್ರಿಂಗ್ ಕೆಲಸಕ್ಕೆ ಬಿಹಾರದಿಂದ ಬಂದ ಹುಡುಗನಿಗೂ ಇಂಗ್ಲಿಷ್ ಬರುವುದಿಲ್ಲ, ನೆನಪಿರಲಿ. ಅವನಿಗೆ ನಮ್ಮ ಮೇಸ್ತ್ರಿ ಬಾಯಲ್ಲೇ ಹೇಳಿಕೊಡುತ್ತಾನೆ. ಮೊದಲು ಮೇಸ್ತ್ರಿಗೆ ಗೊತ್ತಿರಬೇಕಷ್ಟೆ. ಬಾಬುಸಾಪಾಳ್ಯದಲ್ಲಿ ಸತ್ತವರೂ ಹೊರಗಿನಿಂದ ಬಂದ ಕೂಲಿಗಳೇ. ಕನ್ನಡದ ನೆಲದಲ್ಲಿ ಬಿದ್ದ ಹೆಣಕ್ಕೆ ಯಾವ ಭಾಷೆಯದು ಅಂತ ಕೇಳುವಷ್ಟು ಕೀಳುಮಟ್ಟಕ್ಕೆ ನಮ್ಮ ಚಳವಳಿ ಇಳಿದಿಲ್ಲ.

ಹಾಗಾಗಿ ಪರಿವೀಕ್ಷಕನ ತರಬೇತಿ ಕನ್ನಡದಲ್ಲಿರಬೇಕು, ಪರೀಕ್ಷೆ ಕನ್ನಡದಲ್ಲಿರಬೇಕು, ಅವನು ಬರೆಯುವ ವರದಿ ಕನ್ನಡದಲ್ಲಿರಬೇಕು. ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ತಿರುಗಿಸಿದ್ದಲ್ಲ. 2024ರ ಆಗಸ್ಟಿನಲ್ಲಿ ಕೆಪಿಎಸ್‌ಸಿ ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಎಂಥ ಅಧ್ವಾನವಾಗಿತ್ತು ಅಂತ ನಿಮಗೆ ಗೊತ್ತು, ಬೀದಿಗಿಳಿದವರು ನೀವೇ. ಡಿಸೆಂಬರಿನ ಮರುಪರೀಕ್ಷೆಯಲ್ಲೂ ಅದೇ ಹಾಡು. ಹಾಗೆ ಅನುವಾದ ಮಾಡಿದ ಕಟ್ಟಡ ಸಂಹಿತೆ ಬಂದರೆ ಕಂಬದ ಜಾಗಕ್ಕೆ ಬೀಮು ಬಂದೀತು. ಮೊದಲು ಕನ್ನಡದಲ್ಲೇ ಬರೆಯಲಿ, ಇಂಜಿನಿಯರ್ ಪಕ್ಕದಲ್ಲಿ ಒಬ್ಬ ಗಾರೆ ಮೇಸ್ತ್ರಿಯನ್ನೂ ಕೂರಿಸಿಕೊಂಡು ಬರೆಯಲಿ. 'ಪಾಯ', 'ಸಜ್ಜೆ', 'ಕಂಬಿ', 'ಮೋಲ್ಡ್' ಅನ್ನುವ ಮಾತು ಇರಲಿ. ಸಂಸ್ಕೃತದ ಪಂಡಿತರು ಕೂತು ಸೆಂಟ್ರಿಂಗಿಗೆ ಹತ್ತಕ್ಷರದ ಪದ ಟಂಕಿಸಿದರೆ ಅದೂ ಇಂಗ್ಲಿಷಿನಷ್ಟೇ ದೂರ.

ಹೊಸ ಕಟ್ಟಡ ಕಟ್ಟಿ ಹೊಸ ಸಂಸ್ಥೆ ಮಾಡಬೇಕಿಲ್ಲ. ಮೈಸೂರಿನಲ್ಲಿ ನಗರಾಡಳಿತದವರಿಗೆ ತರಬೇತಿ ಕೊಡುವ ರಾಜ್ಯ ನಗರಾಭಿವೃದ್ಧಿ ಸಂಸ್ಥೆ ಇದೆ. ಪಂಚಾಯತಿಯವರಿಗೆ ಅಬ್ದುಲ್ ನಜೀರ್‌ಸಾಬ್ ಹೆಸರಿನ ಸಂಸ್ಥೆ ಅಲ್ಲೇ ಇದೆ. ದಾವಣಗೆರೆಯಲ್ಲಿ 1951ರಷ್ಟು ಹಳೆಯ ಬಿಡಿಟಿ ಇಂಜಿನಿಯರಿಂಗ್ ಕಾಲೇಜಿದೆ. ಕನ್ನಡದಲ್ಲಿ ಇಂಜಿನಿಯರಿಂಗ್ ಕಲಿಸಲು 2021ರಲ್ಲೇ ಎಐಸಿಟಿಇ ಅನುಮತಿ ಕೊಟ್ಟಿದೆ. ಸಿವಿಲ್ ಡಿಪ್ಲೊಮಾ ಮಾಡಿ ಬೆಂಗಳೂರಿನಲ್ಲಿ ಊಟ ತಲುಪಿಸುವ ಬೈಕ್ ಓಡಿಸುತ್ತಿರುವ ನಮ್ಮ ಕಡೆಯ ಹುಡುಗರು ನಿಮ್ಮ ಪಕ್ಕದ ರೂಮಿನಲ್ಲೇ ಇರುತ್ತಾರೆ. ಆರು ತಿಂಗಳು ತರಬೇತಿ, ಅದರಲ್ಲಿ ಅರ್ಧ ಸೈಟಿನ ಮೇಲೆ. ಪರೀಕ್ಷೆ. ಪಾಸಾದವರಿಗೆ ಮೂರು ವರ್ಷದ ಲೈಸೆನ್ಸು, ಆಮೇಲೆ ಮತ್ತೆ ಪರೀಕ್ಷೆ. ಸ್ಥಳೀಯ ಹುಡುಗ ಹುಡುಗಿಯರಿಗೆ ಮೊದಲ ಅವಕಾಶ, ಯಾಕೆಂದರೆ ಮಣ್ಣು ಗೊತ್ತಿರಬೇಕು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಪಾಯ ಆಳವಿಲ್ಲದಿದ್ದರೆ ಗೋಡೆ ಸೀಳುತ್ತದೆ. ಹೊನ್ನಾಳಿಯಲ್ಲಿ ತುಂಗಭದ್ರೆ ಉಕ್ಕಿದರೆ ತಗ್ಗಿನ ಮನೆಗಳಿಗೆ ನೀರು. ಜಗಳೂರಿನಲ್ಲಿ ಕುಡಿಯಲಿಕ್ಕೇ ನೀರಿನ ತಾಪತ್ರಯ, ಹದಿನಾಲ್ಕು ದಿನ ತಾರಸಿಗೆ ನೀರು ನಿಲ್ಲಿಸು ಅಂದರೆ ಯಾರು ನಿಲ್ಲಿಸುತ್ತಾರೆ? ಗೋಣಿತಾಟು ಹಾಸಿ ನೆನೆಸಿಡುವ ಉಪಾಯ ಹೇಳಿಕೊಡುವವರು ಬೇಕು. ಚನ್ನಗಿರಿಯಲ್ಲಿ ಅಡಿಕೆಗೆ ರೇಟು ಬಂದ ವರ್ಷ ಹಳೆಯ ಪಾಯದ ಮೇಲೆ ಹೊಸ ಅಂತಸ್ತು ಏಳುತ್ತದೆ. ನ್ಯಾಮತಿ ತಾಲೂಕು ಕೇಂದ್ರವಾದ ಮೇಲೆ ಅಲ್ಲೂ ಬಾಡಿಗೆಯ ಆಸೆಗೆ ಕಾಂಪ್ಲೆಕ್ಸುಗಳು. ಇದನ್ನೆಲ್ಲ ಬೆಂಗಳೂರಿನ ಕಂಪ್ಯೂಟರಿನಲ್ಲಿ ಕೂತು ನೋಡಲಾಗುವುದಿಲ್ಲ.

'ಇನ್ನೊಬ್ಬ ಇನ್‌ಸ್ಪೆಕ್ಟರ್ ಬಂದರೆ ಇನ್ನೊಂದು ಲಂಚ' ಅನ್ನುತ್ತೀರಿ. ಗೊತ್ತು. ಪ್ರೆಸ್ಸಿಗೆ ಬರುವ ಪ್ರತಿಯೊಬ್ಬರೂ ನನಗೆ ಇದನ್ನೇ ಹೇಳಿದ್ದಾರೆ, ಇದು ಸುಳ್ಳು ಭಯವಲ್ಲ. ಅದಕ್ಕೇ ಬರೀ ಹುದ್ದೆ ಸೃಷ್ಟಿಸಿದರೆ ಸಾಲದು, ಹುದ್ದೆಯ ಮೇಲೆ ಕಣ್ಣಿಡಬೇಕು. ಪಾಯ ಮುಚ್ಚುವ ಮುಂಚೆ ಒಮ್ಮೆ, ಕಂಬದ ಕಂಬಿ ಕಟ್ಟಿದಾಗ ಒಮ್ಮೆ, ಪ್ರತಿ ಮೋಲ್ಡಿಗೆ ಮುಂಚೆ ಒಮ್ಮೆ ಬರಲಿ. ಬಂದ ದಿನವೇ ಕನ್ನಡದ ವರದಿಯ ಒಂದು ಪ್ರತಿ ಯಜಮಾನರ ಕೈಗೆ, ಒಂದು ಕಚೇರಿಗೆ, ಒಂದು ಸೈಟಿನ ಬೋರ್ಡಿಗೆ. ಅದರಲ್ಲಿ ಹೆಸರು, ಲೈಸೆನ್ಸ್ ನಂಬರು, ತಾರೀಖು, ಫೋಟೊ. ಕರೆದ ಮೂರು ದಿನದಲ್ಲಿ ಬರದಿದ್ದರೆ ಅದೂ ದಾಖಲಾಗಲಿ. ಒಂದೇ ಊರಿನಲ್ಲಿ ಬೇರು ಬಿಡದಂತೆ ಈ ನಾಲ್ಕು ತಾಲೂಕಿನೊಳಗೆ ವರ್ಷಕ್ಕೊಮ್ಮೆ ಅದಲುಬದಲು ಮಾಡಲಿ. ಲಂಚ ಕೇಳುವವನಿಗೆ ಬೇಕಾದ್ದು ಕತ್ತಲೆ ಮತ್ತು ಅರ್ಥವಾಗದ ಕಾಗದ. ಯಜಮಾನನೇ ಓದಬಲ್ಲ ಕಾಗದದ ಮೇಲೆ ತನ್ನ ಹೆಸರು ಬರೆದುಕೊಟ್ಟವನಿಗೆ ಆಮೇಲೆ ನುಣುಚಿಕೊಳ್ಳುವುದು ಕಷ್ಟ.

ದುಡ್ಡೆಲ್ಲಿ ಅನ್ನಬೇಡಿ. ಪರವಾನಗಿ ಶುಲ್ಕ ಈಗಲೂ ಕಟ್ಟುತ್ತಿದ್ದೇವೆ. ದೊಡ್ಡ ಕಟ್ಟಡಗಳಿಗೆ ಕಾರ್ಮಿಕ ಸೆಸ್ ಬೇರೆ ಇದೆ. ಆ ಸೆಸ್ ಕಟ್ಟಡ ಕಾರ್ಮಿಕರ ಹಣ, ಅದನ್ನು ಪರಿವೀಕ್ಷಕರ ಸಂಬಳಕ್ಕೆ ಮುಟ್ಟಬಾರದು. ಮೇಸ್ತ್ರಿಗಳಿಗೆ, ಕಂಬಿ ಕಟ್ಟುವವರಿಗೆ ಕನ್ನಡದಲ್ಲಿ ತರಬೇತಿ ಕೊಡಲು ಬಳಸಲಿ, ಅದು ಅವರ ಹಕ್ಕು.

1963ರಿಂದ ಈ ರಾಜ್ಯದ ಆಡಳಿತ ಭಾಷೆ ಕನ್ನಡ. ಅಂಗಡಿಯ ಬೋರ್ಡು ಕನ್ನಡವಾಗಲಿ ಅಂತ ನೀವು ಏಣಿ ಹತ್ತಿದ್ದೀರಿ, ಮಸಿ ಬಳಿದಿದ್ದೀರಿ, ಕೇಸು ಹಾಕಿಸಿಕೊಂಡಿದ್ದೀರಿ. ಆ ಬೋರ್ಡು ನೇತಾಡುವ ಗೋಡೆಯ ಕಾಗದವನ್ನೂ ಒಮ್ಮೆ ಕೇಳಿ. ಮುಂದಿನ ಸಲ ಹಬ್ಬಕ್ಕೆ ಊರಿಗೆ ಬಂದಾಗ, ಅಪ್ಪ ಮಹಡಿ ಹಾಕಿಸುತ್ತಿದ್ದರೆ, ನಕ್ಷೆ ಹಿಡಿದು ಕಚೇರಿಗೆ ಹೋಗಿ. ಇದನ್ನು ನೋಡಲು ಯಾರು ಬರುತ್ತಾರೆ, ಯಾವತ್ತು ಬರುತ್ತಾರೆ ಅಂತ ಅರ್ಜಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

ಪರಿಶೀಲನಾ ವರದಿಗೆ ಕನ್ನಡದ ನಮೂನೆ ಇಲ್ಲ ಅಂತ ಯಾವುದಾದರೂ ಕಚೇರಿಯವರು ನೆಪ ಹೇಳಿದರೆ ಈ ಪತ್ರಿಕೆಯ ಮೂಲಕ ನನಗೆ ತಿಳಿಸಿ. ಆ ರಿಟೈರಾದ ಇಂಜಿನಿಯರೂ ನಮ್ಮ ಮೇಸ್ತ್ರಿಯೂ ನಾನೂ ಮೂರು ಭಾನುವಾರ ಕೂತು ಒಂದು ನಮೂನೆ ಬರೆದಿದ್ದೇವೆ. ಒಂದೇ ಪುಟ, ಹನ್ನೊಂದು ಪ್ರಶ್ನೆ. ಮೊದಲನೆಯದು 'ಮೇಲೆ ಏನು ಇಡುತ್ತೀರಿ?' ನಾಲ್ಕೂ ತಾಲೂಕಿಗೆ ಸಾವಿರ ಸಾವಿರ ಪ್ರತಿ ಅಚ್ಚು ಹಾಕಿ ಕೊಡುತ್ತೇನೆ. ಮಸಿ, ಕೂಲಿ ನನ್ನದು, ಕಾಗದದ ಖರ್ಚು ಕೊಟ್ಟರೆ ಸಾಕು. ಕಾಗದವನ್ನು ಈಗ ಕೆಳಗೇ ಇಡುತ್ತಿದ್ದೇನೆ.